ರೆಡ್‌ನೆಕ್ ರೈತನ ಬಳ್ಳಾರಿ ಜೀನ್ಸ್: 14 ತಿಂಗಳು ಹೊಲದಲ್ಲಿ ಹಾಕಿ ನೋಡಿದ ಮೇಲೆ

ಬಲಗಾಲಿನ ಮೊಣಕಾಲ ಕೆಳಗೆ, ನಾಲ್ಕು ಬೆರಳಗಲದ ಜಾಗದಲ್ಲಿ 11 ಗೀರುಗಳಿವೆ. ಇವತ್ತು ಬೆಳಗ್ಗೆ ಕಟ್ಟೆ ಮೇಲೆ ಕೂತು ಎಣಿಸಿದೆ. ಎಲ್ಲವೂ ಬಳ್ಳಾರಿ ಜಾಲಿ ಮುಳ್ಳು ಎಳೆದ ಗೀರುಗಳು. ಒಂದೂ ಒಳಗಿನ ತನಕ ಹೋಗಿಲ್ಲ. ಮೇಲಿನ ನೀಲಿ ಸವೆದು ಒಳಗಿನ ಬಿಳಿ ಕಾಣುತ್ತಿದೆ, ಅಷ್ಟೇ. ಮೊದಲು ಲುಂಗಿ ಎತ್ತಿ ಕಟ್ಟಿಕೊಂಡು ಬದು ಸವರುತ್ತಿದ್ದೆ. ಸಂಜೆ ಮನೆಗೆ ಬಂದು ಕಾಲು ತೊಳೆದರೆ ಉರಿ ತಡೆಯೋಕೆ ಆಗುತ್ತಿರಲಿಲ್ಲ. 14 ತಿಂಗಳಿಂದ ಆ ಉರಿ ಇಲ್ಲ. ಈ ಪ್ಯಾಂಟಿನ ಬಗ್ಗೆ ನಾಲ್ಕು ಜನಕ್ಕೆ ಹೇಳಬೇಕು ಅನ್ನಿಸಿದ್ದು ಅದಕ್ಕೇ.

ನಮ್ಮೂರು ತೆಕ್ಕಲಕೋಟೆ ಹತ್ತಿರ. ಕಾಲುವೆ ಕೆಳಗೆ ಐದು ಎಕರೆ ಭತ್ತ, ಮೇಲೆ ಎರಿ ಹೊಲದಲ್ಲಿ ಮೆಣಸಿನಕಾಯಿ. ನನಗೀಗ 46. ಹೊಲಕ್ಕೆ ಜೀನ್ಸ್ ಹಾಕಿಕೊಂಡು ಹೋಗುವ ಯೋಚನೆ ನನಗೆ ತಾನಾಗಿ ಬಂದಿದ್ದಲ್ಲ. ಅದು ಶುರುವಾಗಿದ್ದು ಒಂದು ವಿಡಿಯೋ ಕಾಲ್‌ನಿಂದ.

ನಮ್ಮ ಅಣ್ಣನ ಮಗ ಅಮೆರಿಕದ ಟೆಕ್ಸಾಸ್‌ನಲ್ಲಿ ಕೆಲಸಕ್ಕಿದ್ದಾನೆ. ಒಂದು ದಿನ ಅವನು ಫೋನ್ ಮಾಡಿದಾಗ ನಾನು ಮೋಟರ್ ಶೆಡ್ಡಿನಲ್ಲಿ ಸ್ಟಾರ್ಟರ್ ಬಿಚ್ಚಿ ಕೂತಿದ್ದೆ. ತಲೆಗೆ ಗೊಬ್ಬರದ ಅಂಗಡಿಯವರು ಕೊಟ್ಟ ಟೋಪಿ, ಕುತ್ತಿಗೆಗೆ ಕೆಂಪು ಟವಲ್, ಹಿಂದೆ ಟ್ರ್ಯಾಕ್ಟರ್. ಪಟ್ಟಾ ಹರಿದಿತ್ತು ಅಂತ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಕಟ್ಟಿದ್ದೆ. ಅವನಿಗೆ ಅದನ್ನೆಲ್ಲಾ ನೋಡಿ ಖುಷಿಯೋ ಖುಷಿ.

"ಚಿಗಪ್ಪಾ, ನೀನು ಪಕ್ಕಾ ರೆಡ್‌ನೆಕ್ ನೋಡು!" ಅಂದ.

"ಹಂಗಂದ್ರ ಏನಲೇ?"

"ಕೆಂಪು ಕುತ್ತಿಗಿಯವ್ರು ಅಂತ. ಇಲ್ಲಿ ಹಳ್ಳಿಯವ್ರಿಗೆ ಹಂಗಂತಾರ. ಟೋಪಿ, ಗಾಡಿ, ಕೆಟ್ಟಿದ್ದನ್ನ ತಾವ ಕುಂತು ರಿಪೇರಿ ಮಾಡ್ಕೊಳ್ಳೋದು, ಎಲ್ಲಾ ನಿನ್ನಂಗ. ಒಂದು ಜೀನ್ಸ್ ಪ್ಯಾಂಟು ಮಾತ್ರ ಕಮ್ಮಿ ಐತಿ."

ಅವನು ನಗಾಡುತ್ತಾ ಹೇಳಿದ. ನಾನು ಮಾತ್ರ ಆ ಮಾತನ್ನು ಅಲ್ಲಿಗೇ ಬಿಡಲಿಲ್ಲ. ಪೂರ್ತಿ ಹೇಳು ಅಂತ ಕೂರಿಸಿಕೊಂಡು ಕೇಳಿದೆ. ಆಮೇಲೆ ನಾನೂ ರಾತ್ರಿ ಹೊತ್ತು ಮೊಬೈಲ್‌ನಲ್ಲಿ ಹುಡುಕಿ ಓದಿದೆ.

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ, 19ನೇ ಶತಮಾನದ ಕೊನೆಯ ಹೊತ್ತಿಗೆ, ಬಡ ಬಿಳಿ ರೈತರನ್ನು ಹೀಗೆ ಕರೆಯುತ್ತಿದ್ದರು. ದಿನವಿಡೀ ಬಗ್ಗಿ ಹೊಲದಲ್ಲಿ ದುಡಿದರೆ ಬಿಸಿಲು ಬೀಳುವುದು ಕುತ್ತಿಗೆ ಹಿಂದಕ್ಕೆ, ಅಲ್ವಾ? ಬಿಳಿ ಚರ್ಮ ಸುಟ್ಟು ಕೆಂಪಾಗುತ್ತದೆ. ಪೇಟೆಯವರು ಆ ಸುಟ್ಟ ಗುರುತನ್ನೇ ಬೈಗುಳ ಮಾಡಿಕೊಂಡರು. ನಮ್ಮಲ್ಲಿ ಹಳ್ಳಿ ಗಮಾರ ಅಂದ ಹಾಗೆ. ಆಮೇಲಾಮೇಲೆ ಬೈಸಿಕೊಂಡವರೇ ಆ ಮಾತನ್ನು ಎತ್ತಿಕೊಂಡು, ಹೌದು ನಾವು ಅವರೇ, ಏನೀಗ, ಅಂತ ನಗುತ್ತಾ ಹೇಳಿಕೊಳ್ಳತೊಡಗಿದರು. 1977ರಿಂದ 1981ರ ತನಕ ಅಲ್ಲಿ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಜಾರ್ಜಿಯಾ ರಾಜ್ಯದ ಪ್ಲೇನ್ಸ್ ಅನ್ನೋ ಸಣ್ಣ ಊರಿನವರು. ಶೇಂಗಾ ಬೆಳೆಯುವ ರೈತ. ಅವರ ತಮ್ಮ ಬಿಲ್ಲಿ ಅದೇ ಊರಲ್ಲಿ ಪೆಟ್ರೋಲ್ ಬಂಕ್ ನಡೆಸುತ್ತಿದ್ದ. ಅಣ್ಣ ದೇಶ ಆಳುತ್ತಿದ್ದರೂ ಆತ ತಾನು ರೆಡ್‌ನೆಕ್ ಅಂತ ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದ. ಶೇಂಗಾ ಬಿತ್ತಿದ ಮನೆಯವರು ಅಂದ ಮೇಲೆ ನನಗೆ ದೂರದವರು ಅನ್ನಿಸಲಿಲ್ಲ.

ಇನ್ನೊಂದು ಕಥೆ ನನಗೆ ಇನ್ನೂ ಹತ್ತಿರ ಅನ್ನಿಸಿತು. 1921ರಲ್ಲಿ ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ ಕಲ್ಲಿದ್ದಲು ಗಣಿಯ ಕೂಲಿಗಳು ಸಂಘ ಕಟ್ಟುವ ಹಕ್ಕಿಗಾಗಿ ಎದ್ದು ನಿಂತರು. ಬ್ಲೇರ್ ಅನ್ನೋ ಬೆಟ್ಟದ ಕಡೆ ಸುಮಾರು 10,000 ಜನ ನಡೆದರು. ತಮ್ಮವರು ಯಾರು ಅಂತ ಗುರುತು ಸಿಗಲಿ ಅಂತ ಕುತ್ತಿಗೆಗೆ ಕೆಂಪು ವಸ್ತ್ರ ಕಟ್ಟಿಕೊಂಡಿದ್ದರು. ಅವರನ್ನೂ ರೆಡ್‌ನೆಕ್ ಅಂತಲೇ ಕರೆದರು. ನಮ್ಮ ಸೋದರಮಾವ ಸಂಡೂರು ಕಡೆ ಅದಿರು ತುಂಬುವ ಕೆಲಸಕ್ಕೆ ಹೋಗಿ ಕೆಂಪು ಧೂಳು ಕುಡಿದು ಬಂದವನು. ಇದನ್ನು ಓದಿದಾಗ ನನಗೆ ಅವನೇ ನೆನಪಾದ. ಅವನ ಹೆಗಲ ಮೇಲೂ ಟವಲ್ ಇರುತ್ತಿತ್ತು. ಎಷ್ಟು ಒಗೆದರೂ ಅದರ ಕೆಂಪು ಹೋಗುತ್ತಿರಲಿಲ್ಲ.

ಆ ಹೆಸರಿಗೆ ಅಂಟಿಕೊಂಡ ಕೆಟ್ಟದ್ದೂ ಇದೆ. ಗುಲಾಮಗಿರಿ ಉಳಿಸಿಕೊಳ್ಳೋಕೆ ಯುದ್ಧ ಮಾಡಿದ ಕಡೆಯವರ ಬಾವುಟವನ್ನು ಇವತ್ತಿಗೂ ಗಾಡಿಗೆ ಕಟ್ಟಿಕೊಂಡು ತಿರುಗುವವರು ಅಲ್ಲಿದ್ದಾರೆ. ಆ ಬಾವುಟ ನನಗೆ ಬೇಡ. ಅಲ್ಲಿ ಹತ್ತಿ ಬಿಡಿಸಿ ಕರಿಯರ ಕುತ್ತಿಗೆಯೂ ಸುಟ್ಟಿದೆ, ಅವರಿಗೆ ಕೂಲಿಯನ್ನೇ ಕೊಡಲಿಲ್ಲ. ನಾನು ತಗೊಂಡಿದ್ದು ಬಿಸಿಲಿಗೆ ಸುಟ್ಟ ಕುತ್ತಿಗೆ ಮತ್ತು ಕೆಟ್ಟದ್ದನ್ನು ತಾನೇ ರಿಪೇರಿ ಮಾಡಿಕೊಳ್ಳುವ ಕೈ. ಇಷ್ಟು ಹೇಳಿ ನಮ್ಮ ಹುಡುಗನಿಗೆ, "ಆತು, ನಾನು ರೆಡ್‌ನೆಕ್ಕ ಬಿಡು" ಅಂದೆ. ಈಗ ಮನೆಯ ವಾಟ್ಸಾಪ್ ಗುಂಪಿನಲ್ಲಿ ನನ್ನ ಹೆಸರೇ ರೆಡ್‌ನೆಕ್ ಚಿಗಪ್ಪ. ನಮ್ಮದು ಕೆಂಪಾಗಲ್ಲ, ಕಪ್ಪಾಗುತ್ತೆ, ಅದೊಂದು ಫರಕು. ಕುತ್ತಿಗೆ ಕಪ್ಪಾದ ದೇವರಿಗೆ ನಮ್ಮಲ್ಲಿ ನೀಲಕಂಠ ಅಂತ ಹೆಸರಿಟ್ಟು ಕೈ ಮುಗಿಯುತ್ತೀವಿ.

ಇನ್ನು ಪ್ಯಾಂಟಿನ ವಿಷಯ.

ಮೊದಲು ಆನ್‌ಲೈನ್‌ನಲ್ಲಿ ಒಂದು ಹೆಸರುವಾಸಿ ಕಂಪನಿಯ ಜೀನ್ಸ್ ತರಿಸಿದೆ. 2,200 ರೂಪಾಯಿ. ಎರಡನೇ ವಾರ ಟ್ರ್ಯಾಕ್ಟರ್ ಹತ್ತುವಾಗ ತೊಡೆ ಸಂದಿಯಲ್ಲಿ ಪರ್ ಅಂತ ಬಿಟ್ಟುಕೊಂಡಿತು. ಬಟ್ಟೆಯಲ್ಲಿ ರಬ್ಬರಿನಂತೆ ಎಳೆದರೆ ಬರುವ ನೂಲಿತ್ತು. ಅದು ಕಾಲೇಜು ಹುಡುಗರಿಗೆ ಸರಿ. ಬಳ್ಳಾರಿ ಜಿಲ್ಲೆಯವನಾಗಿ, ದೇಶದ ಮೂಲೆ ಮೂಲೆಗೆ ಜೀನ್ಸ್ ಹೊಲಿದು ಕಳಿಸುವ ಊರು ಮಗ್ಗುಲಲ್ಲೇ ಇರುವಾಗ, ನಾನು ಎಲ್ಲಿಂದಲೋ ತರಿಸಿದೆನಲ್ಲ ಅಂತ ಬೇಜಾರಾಯಿತು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಸಣ್ಣ ದೊಡ್ಡ ಘಟಕಗಳು ನೂರಾರು ಇವೆ. ಓಣಿಯಲ್ಲಿ ನಡೆದರೆ ಮನೆಗಳ ಒಳಗಿನಿಂದ ಮಷಿನ್ ಸದ್ದು ಬರುತ್ತಿರುತ್ತೆ.

ಯುಗಾದಿ ಮುಂಚೆ ಒಂದು ದಿನ ಬಸ್ ಹತ್ತಿ ಹೋದೆ. ಇಳಿದ ತಕ್ಷಣ ಉಗ್ಗಾಣಿ ಮಿರ್ಚಿ ತಿಂದು, ಕೌಲ್ ಬಜಾರ್ ಕಡೆ ಆಟೋ ಹಿಡಿದೆ. ನಮ್ಮೂರಿನ ಒಬ್ಬ ಹುಡುಗ ಅಲ್ಲಿ ಓವರ್‌ಲಾಕ್ ಮಷಿನ್ ಮೇಲೆ ಕೂರುತ್ತಾನೆ. ಅವನು ತೋರಿಸಿದ ಜಾಗ. ಬೋರ್ಡ್ ಇಲ್ಲ, ಅದಕ್ಕೇ ಹೆಸರು ಕೊಡೋಕೆ ಆಗುತ್ತಿಲ್ಲ. ಕೆಳಗೆ 14 ಮಷಿನ್, ಮೇಲೆ ಕಟಿಂಗ್ ಟೇಬಲ್. ಅಲ್ಲಿ ಹೋಲ್‌ಸೇಲ್ ಮಾತ್ರ. ಗುರುತಿದ್ದವರಿಗೆ ಅಂತ ಒಂದೆರಡು ಪೀಸ್ ಮಾಡಿಕೊಡುತ್ತಾರೆ.

ಕಟಿಂಗ್ ಮಾಸ್ಟರ್ ಅರವತ್ತು ದಾಟಿದ ಮನುಷ್ಯ. ನಾನು ಏನು ಬೇಕು ಅಂತ ಹೇಳಿದ ಕೂಡಲೇ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟರು.

"ಅಣ್ಣಾ, ಬರೋರೆಲ್ಲಾ ಹರಿದಿದ್ದ ಜೀನ್ಸ್ ಕೊಡ್ರಿ ಅಂತಾರ. ನೀವು ಹರೀಬಾರ್ದು ಅಂತೀರಿ. ಕೂಡ್ರಿ, ಚಾ ಕುಡೀರಿ."

ಅಲ್ಲಿಂದ ಒಂದು ತಾಸು ಅವರು ನನಗೆ ಬಟ್ಟೆಯ ಪಾಠ ಮಾಡಿದರು. ಜೀನ್ಸ್ ಹೊಲಿಯುವ ಡೆನಿಮ್ ಬಟ್ಟೆಯ ತೂಕವನ್ನು ಔನ್ಸ್‌ನಲ್ಲಿ ಹೇಳುತ್ತಾರೆ. ಒಂದು ಚದರ ಗಜ ಬಟ್ಟೆ ಎಷ್ಟು ಔನ್ಸ್ ತೂಗುತ್ತೆ ಅನ್ನೋದು ಲೆಕ್ಕ. 12 ಔನ್ಸ್ ಅಂದರೆ ಸುಮಾರು 340 ಗ್ರಾಂ. 10 ಔನ್ಸ್ ಅಂದರೆ ಸುಮಾರು 280 ಗ್ರಾಂ. ನಾನು ದಪ್ಪದ್ದೇ ಇರಲಿ ಅಂದೆ. ಅವರು ಬೇಡ ಅಂದರು. "ನಿಮ್ಮ ಬಿಸಿಲಿಗೆ 12 ಹಾಕಿದ್ರ ಬೆಂದು ಹೋಗ್ತೀರಿ. 10 ತಗೋರಿ, ಆದ್ರ ಪೂರಾ ಹತ್ತಿದು" ಅಂದರು. ಬಟ್ಟೆ ಅಹಮದಾಬಾದಿನಿಂದ ಬಂದಿದ್ದು. ಒಂದು ತುಂಡು ಕತ್ತರಿಸಿ, ಅಂಚಿನಿಂದ ಒಂದೊಂದೇ ನೂಲು ಬಿಡಿಸಿ ನನ್ನ ಅಂಗೈ ಮೇಲಿಟ್ಟರು. ಉದ್ದಕ್ಕೆ ಹೋಗುವ ನೂಲು ನೀಲಿ, ಅಡ್ಡಕ್ಕೆ ಹೋಗುವ ನೂಲು ಬಿಳಿ. ಬಣ್ಣ ಹಾಕುವುದು ಉದ್ದದ ನೂಲಿಗೆ ಮಾತ್ರ. ಅದಕ್ಕೇ ಜೀನ್ಸ್ ಹೊರಗೆ ನೀಲಿ, ಒಳಗೆ ಬೆಳ್ಳಗೆ. ಆಮೇಲೆ ನೀಲಿ ನೂಲನ್ನೇ ಉಗುರಿನಿಂದ ಕೆರೆದು ತೋರಿಸಿದರು. ಅದರ ಹೊಟ್ಟೆ ಕೂಡ ಬಿಳಿ! ನೀಲಿ ಬಣ್ಣ ನೂಲಿನ ಒಳಗೆ ಇಳಿಯುವುದಿಲ್ಲ, ಮೇಲೆ ಕೂರುತ್ತದೆ. ಅದಕ್ಕೇ ಉಜ್ಜಿದ ಕಡೆ ಬೆಳ್ಳಗಾಗುತ್ತಾ ಹೋಗುತ್ತದೆ. ನನ್ನ 11 ಗೀರುಗಳ ಗುಟ್ಟು ಅದೇ.

ಆ ನೀಲಿಯ ಇಂಗ್ಲಿಷ್ ಹೆಸರು ಇಂಡಿಗೋ. ಇಂಡಿಯಾದಿಂದ ಬಂದಿದ್ದು ಅಂತಲೇ ಆ ಹೆಸರು. ಡಂಗರಿ ಅನ್ನೋ ದಪ್ಪ ಕೆಲಸದ ಬಟ್ಟೆಯ ಹೆಸರೂ ಮುಂಬೈನ ಡೋಂಗ್ರಿಯಿಂದ ಹೋಗಿದ್ದು. ಜೀನ್ಸ್ ಪರದೇಶದ್ದು, ರೈತನಿಗೆ ಯಾಕೆ ಬೇಕು ಅಂತ ನಮ್ಮೂರಿನ ಕಟ್ಟೆ ಮೇಲೆ ಒಬ್ಬಿಬ್ಬರು ಕೇಳಿದ್ದರು. ಅವರಿಗೆ ನಾನು ಇದನ್ನೇ ಹೇಳಿದೆ. ಹತ್ತಿ ನಮ್ಮ ಎರಿ ಹೊಲದ್ದು, ಬಣ್ಣದ ಹೆಸರು ನಮ್ಮದು, ಹೊಲಿದವರು ನಮ್ಮ ಊರಿನವರು.

ಪರದೇಶದ್ದು ಅಂತ ಹೇಳಲೇಬೇಕಾದರೆ ರಿವೆಟ್. ಜೇಬಿನ ಮೂಲೆಯಲ್ಲಿ ತಾಮ್ರದ ಸಣ್ಣ ಗುಂಡಿ ಬಡಿದಿರುತ್ತಾರಲ್ಲ, ಅದು. ಅಮೆರಿಕದ ನೆವಾಡಾ ರಾಜ್ಯದ ರೀನೋ ಊರಲ್ಲಿ ಜೇಕಬ್ ಡೇವಿಸ್ ಅಂತ ಒಬ್ಬ ಟೈಲರ್ ಇದ್ದ. ಕೂಲಿ ಮಾಡುವ ಒಬ್ಬನ ಹೆಂಡತಿ ಬಂದು, ನನ್ನ ಗಂಡನ ಪ್ಯಾಂಟು ಬೇಗ ಹರಿದು ಹೋಗುತ್ತೆ, ಗಟ್ಟಿಯಾಗಿ ಹೊಲಿದುಕೊಡು ಅಂತ ಕೇಳಿದಳು. ಅವನು ಜೇಬಿನ ಮೂಲೆಗಳಿಗೆ ರಿವೆಟ್ ಬಡಿದುಕೊಟ್ಟ. ಪೇಟೆಂಟ್ ಮಾಡಿಸೋಕೆ ದುಡ್ಡು ಸಾಲದೆ, ತನಗೆ ಬಟ್ಟೆ ಮಾರುತ್ತಿದ್ದ ಲೀವೈ ಸ್ಟ್ರಾಸ್ ಅವರನ್ನು ಜೊತೆಗೆ ಸೇರಿಸಿಕೊಂಡ. 1873ರ ಮೇ 20ಕ್ಕೆ ಪೇಟೆಂಟ್ ಸಿಕ್ಕಿತು. ಜೀನ್ಸ್ ಹುಟ್ಟಿದ್ದೇ ಕೂಲಿಕಾರನ ಮನೆಯಾಕೆ ಮಾಡಿದ ತಕರಾರಿನಿಂದ. ನಾನು ಇದನ್ನು ನಮ್ಮ ಮಾಸ್ಟರಿಗೆ ಹೇಳಿದೆ. ಅವರು ಮುಂದಿನ ಜೇಬುಗಳಿಗೆ ಎರಡೆರಡು ಹೆಚ್ಚಿಗೆ ಬಡಿಸಿದರು, ದುಡ್ಡು ತಗೊಳ್ಳಲಿಲ್ಲ.

ತೊಡೆ ಸಡಿಲ, ಬಾಟಮ್ ಅಗಲ, ತೊಡೆ ಸಂದಿಯಲ್ಲಿ ಬಟ್ಟೆ ಮಡಚಿ ಎರಡು ಸಾಲು ಹೊಲಿಗೆ, ಬೆಲ್ಟ್ ಪಟ್ಟಿಗಳಿಗೆ ಬಾರ್‌ಟ್ಯಾಕ್, ಅಂದರೆ ಕಿತ್ತು ಬರದ ಹಾಗೆ ಒತ್ತೊತ್ತಾಗಿ ಹಾಕುವ ಹೊಲಿಗೆ. ಒಂದಕ್ಕೆ 650 ರೂಪಾಯಿಯಂತೆ ಎರಡು ಪ್ಯಾಂಟು. ಎಂಟು ದಿನಕ್ಕೆ ಕೊಟ್ಟರು.

ಈಗ 14 ತಿಂಗಳ ಲೆಕ್ಕ. ಭತ್ತದ ಕೆಸರಿಗೆ ಇದನ್ನು ಹಾಕಬೇಡಿ. ನೆನೆದರೆ ಕಲ್ಲು ಕಟ್ಟಿಕೊಂಡ ಹಾಗೆ ಆಗುತ್ತೆ, ಒಣಗೋಕೆ ಒಂದೂವರೆ ದಿನ ಬೇಕು. ನಾಟಿಗೆ ಚಡ್ಡಿಯೇ ಸರಿ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ 10ರ ತನಕ, ಸಂಜೆ 5ರ ಮೇಲೆ ಮಾತ್ರ. ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತೆ. ನಡುಮಧ್ಯಾಹ್ನ ಟ್ರ್ಯಾಕ್ಟರ್ ಮೇಲೆ ಕೂತರೆ ರಿವೆಟ್ ಕಾದು ಕೈಗೆ ಚುರ್ ಅನ್ನುತ್ತೆ. ಉಳಿದಂತೆ ಮೆಣಸಿನ ಹೊಲ, ಮೋಟರ್ ಶೆಡ್, ಕಾಲುವೆ ದಂಡೆ, ಬೇಲಿ ಕೆಲಸ, ಎಲ್ಲದಕ್ಕೂ ಇದೇ. ಮೊಣಕಾಲೂರಿ ಕೂತು ಪೈಪ್ ಜೋಡಿಸುವಾಗ ಕಲ್ಲು ಚುಚ್ಚುವುದಿಲ್ಲ. ಹಿಂದಿನ ಜೇಬಿನಲ್ಲಿ ಪಕ್ಕಡ್ ಮತ್ತು ಟೆಸ್ಟರ್ ನಿಲ್ಲುತ್ತವೆ. ಬಲಗಡೆ ದೊಡ್ಡ ಜೇಬಿನೊಳಗೆ ಒಂದು ಪುಟ್ಟ ಜೇಬು ಇರುತ್ತಲ್ಲ, ಹಿಂದಿನ ಕಾಲದಲ್ಲಿ ಅದು ಸರಪಳಿ ಗಡಿಯಾರಕ್ಕೆ ಅಂತ ಇಟ್ಟಿದ್ದು. ನಾನು ಅದರಲ್ಲಿ ಫ್ಯೂಸ್ ತಂತಿಯ ಸುರುಳಿ ಇಡುತ್ತೀನಿ. ರಾತ್ರಿ ಕರೆಂಟ್ ಬಂದಾಗ ಕತ್ತಲಲ್ಲೂ ಬೆರಳು ನೇರ ಅಲ್ಲಿಗೆ ಹೋಗುತ್ತೆ.

ಬಳ್ಳಾರಿ ಜಾಲಿ ಬಗ್ಗೆ ಮೊದಲೇ ಹೇಳಿದೆ. ಆ ಮರವೂ ಅಮೆರಿಕದ ಕಡೆಯಿಂದ ಬಂದಿದ್ದೇ, ಹೆಸರು ಮಾತ್ರ ನಮ್ಮ ಊರಿನದು. ಅದರ ದಾಯಾದಿ ಮರ ಟೆಕ್ಸಾಸ್‌ನಲ್ಲಿ ಬೇಕಾದಷ್ಟಿದೆ, ಮೆಸ್ಕೀಟ್ ಅಂತ. ನಮ್ಮ ಹುಡುಗ ಫೋಟೋ ಕಳಿಸಿದ್ದ. ಅದೇ ಎಲೆ, ಅದೇ ಕಾಯಿ, ಅದೇ ಮುಳ್ಳು. ಅಲ್ಲಿ ಅದರ ಕಟ್ಟಿಗೆಯಲ್ಲಿ ಮಾಂಸ ಸುಡುತ್ತಾರೆ, ಇಲ್ಲಿ ನಾವು ಇದ್ದಿಲು ಸುಡುತ್ತೀವಿ. ಮುಳ್ಳು ಅಲ್ಲಿಯವರಿಗೂ ಅದೇ, ನಮಗೂ ಅದೇ. ಹಾಗಿದ್ದ ಮೇಲೆ ಪ್ಯಾಂಟೂ ಅದೇ ಇರಲಿ ಬಿಡಿ.

ತಪ್ಪು ಇಲ್ಲವಾ? ಇದೆ. ಜೇಬಿನ ಒಳಗಿನ ಬಟ್ಟೆ ಮೋಸ. ಹೊರಗಿನದ್ದು ಕಬ್ಬಿಣದ ಹಾಗೆ, ಒಳಗಿನದ್ದು ಬ್ಯಾಂಡೇಜ್ ಬಟ್ಟೆಯ ಹಾಗೆ. ಮೂರನೇ ತಿಂಗಳಿಗೆ ಬಲ ಜೇಬು ತೂತು ಬಿದ್ದು, ನಟ್ಟು ಬೋಲ್ಟೆಲ್ಲಾ ಕಾಲಿನ ಒಳಗೆ ಜಾರಿ ಬೂಟಿಗೆ ಬಂದವು. ಒಂದು ನಟ್ಟು ಸಿಗಲೇ ಇಲ್ಲ, ಅದಕ್ಕಾಗಿ ತೆಕ್ಕಲಕೋಟೆಗೆ ಹೋಗಿ ಬಂದೆ. ಸಿಟ್ಟು ಬಂತು. ಮಾಸ್ಟರ್ ಮುಂದೆ ಜೇಬು ಹೊರಗೆಳೆದು ತೋರಿಸಿದೆ. ಅವರು ಬೆರಳು ತೂರಿಸಿ ನೋಡಿ, "ಇದು ನಮ್ದ ತಪ್ಪು" ಅಂದರು. ಅಷ್ಟು ಹೇಳಿದ್ದೇ ನನಗೆ ಸಾಕಾಗಿತ್ತು. ಹೋಲ್‌ಸೇಲ್ ಲಾಟ್‌ನಲ್ಲಿ ಪೀಸಿಗೆ ಎರಡು ಮೂರು ರೂಪಾಯಿ ಉಳಿಸೋಕೆ ಜೇಬಿಗೆ ತೆಳು ಬಟ್ಟೆ ಹಾಕುತ್ತಾರಂತೆ. ಖಾಕಿ ಡ್ರಿಲ್ ಬಟ್ಟೆ ಹಾಕಿ ನಾಲ್ಕೂ ಜೇಬು ಬದಲಾಯಿಸಿದರು, 60 ರೂಪಾಯಿ. ನೀವು ಹೊಲಿಸುವುದಾದರೆ ಮೊದಲೇ ಜೇಬಿಗೆ ಡ್ರಿಲ್ ಹಾಕಿ ಅಂತ ಹೇಳಿ.

ಬಣ್ಣ ಮೊದಲ ಮೂರು ಒಗೆತದಲ್ಲಿ ಜಾಸ್ತಿ ಬಿಡುತ್ತೆ. ನನ್ನ ಬಿಳಿ ಪಂಚೆ ಒಂದು ಹಾಳಾಯಿತು. ಬೇರೆ ಒಗೆಯಿರಿ. ವಾಷಿಂಗ್ ಘಟಕದಲ್ಲಿ ಒಗೆಸಿದ್ದು ತಗೊಂಡರೆ ಈ ತೊಂದರೆ ಕಮ್ಮಿ. ಆದರೆ ಒಗೆಸಿ ಬಣ್ಣ ಇಳಿಸೋಕೆ ನೀರು ತುಂಬಾ ಹೋಗುತ್ತೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ನಾವು ಕಾಲುವೆ ದಂಡೆಯ ಮೇಲೆ ನಿದ್ದೆ ಇಲ್ಲದೆ ಕೂತವರು. ನೀರಿನ ಬೆಲೆ ಗೊತ್ತಿದೆ. ಬಿಸಿಲು, ಮಣ್ಣು, ನನ್ನ ಮೊಣಕಾಲು ಸೇರಿ ಆ ಬಣ್ಣ ಪುಗಸಟ್ಟೆ ಇಳಿಸುತ್ತವೆ. ಒಗೆಸದ ಬಟ್ಟೆಯನ್ನೇ ತಗೊಳ್ಳಿ ಅಂತ ನನ್ನ ಮಾತು.

ಹೋದ ತಿಂಗಳು ಇನ್ನೊಂದು ವಿಷಯ ನಡೆಯಿತು. ಅವ್ವ ನನ್ನ ಫೋನ್ ಮಾತು ಕೇಳಿಸಿಕೊಂಡು, ಅದೇನೋ ರೆಡ್‌ನೆಕ್ಕು ಅಂತಾರಲ್ಲ, ಏನದು, ಅಂತ ಕೇಳಿದಳು. ಹೇಳಿದೆ. ಅವಳು ಸೆರಗು ಸರಿಸಿ ಕುತ್ತಿಗೆಯ ಹಿಂದೆ ತೋರಿಸಿದಳು. "ಹಂಗಾರ ಇದಕ್ಕ ಏನಂತಾರ?" ಅಂದಳು. ಐವತ್ತು ವರ್ಷ ಕಳೆ ತೆಗೆದ ಕುತ್ತಿಗೆ. ಅಲ್ಲಿ ಚರ್ಮ ದಪ್ಪಗಾಗಿ, ಎರಿ ಮಣ್ಣು ಬಿರುಕು ಬಿಟ್ಟ ಹಾಗೆ ಗೆರೆ ಗೆರೆ ಆಗಿದೆ. ನಾನು ಅಷ್ಟು ವರ್ಷ ಅದನ್ನು ನೋಡಿಯೇ ಇರಲಿಲ್ಲ. ಮೆಣಸಿನಕಾಯಿ ಬಿಡಿಸೋಕೆ ಬರುವ ಹೆಣ್ಣುಮಕ್ಕಳೆಲ್ಲಾ ಸೀರೆ ಮೇಲೆ ಗಂಡಸರ ಹಳೇ ಅಂಗಿ ತೊಟ್ಟುಕೊಂಡು ಬರುತ್ತಾರೆ, ನೀವೂ ನೋಡಿರುತ್ತೀರಿ. ಕೈಗೆ ಖಾರ ತಾಗದಿರಲಿ, ಬಿಸಿಲು ಬಡಿಯದಿರಲಿ ಅಂತ. ಆ ಅಂಗಿಗಳ ಕಾಲರ್ ಸವೆದು ಮೆತ್ತಗಾಗಿರುತ್ತೆ, ಬಗ್ಗಿದ ಕೂಡಲೇ ಕೆಳಗೆ ಬೀಳುತ್ತೆ.

ಮರುದಿನವೇ ಬಳ್ಳಾರಿಗೆ ಹೋದೆ. ಮಾಸ್ಟರ್ ಬಳಿ ಅಂಗಿಗೆ ಆಗುವಂಥ ತೆಳು ಡೆನಿಮ್, ನಾಲ್ಕೂವರೆ ಔನ್ಸಿನದು, ಒಂದು ತಾನು ಉಳಿದಿತ್ತು. ಹೆಣ್ಣುಮಕ್ಕಳ ಅಳತೆಗೆ, ಸೀರೆ ಮೇಲೆ ಹಾಕಿಕೊಳ್ಳುವ ಹಾಗೆ, ಉದ್ದ ತೋಳು, ಎದೆಗೆ ಒಂದು ಡ್ರಿಲ್ ಜೇಬು. ಅವ್ವನಿಗೊಂದು, ನಮ್ಮ ಮನೆಯವಳಿಗೊಂದು, ಕೆಲಸಕ್ಕೆ ಬರುವವರಿಗೆ ಆರು. ಒಂದಕ್ಕೆ 380 ರೂಪಾಯಿಗೆ ಮಾತಾಯಿತು. ಇಂಥದ್ದು ಇಲ್ಲಿ ಯಾರೂ ಹೊಲಿಸಿಲ್ಲ ಅಂತ ಮಾಸ್ಟರ್ ಎರಡು ಸಲ ಅಳತೆ ಬರೆದುಕೊಂಡರು.

"ಕಾಲರ್ ಎಷ್ಟು ಇಡಲಿ ಅಣ್ಣಾ?" ಅಂದರು.

ಎರಡು ಬೆರಳು ಜಾಸ್ತಿ ಇಡ್ರಿ, ಒಳಗೆ ದಪ್ಪ ಕ್ಯಾನ್ವಾಸ್ ಕೊಡ್ರಿ, ಬಗ್ಗಿದಾಗ ಬೀಳಬಾರದು ಅಂದೆ. ಅವರು ಸೀಮೆಸುಣ್ಣ ತಗೊಂಡು ಬಟ್ಟೆ ಮೇಲೆ ಗೆರೆ ಎಳೆದರು. ಮುಂದಿನ ಸೋಮವಾರ ಕೊಡುತ್ತಾರೆ.